ಸಂಜೆ ಓಪಿಡಿಗೆ ಸಿಸ್ಟರ್ ಸಿಗ್ತಿಲ್ಲ, ಏನ್ಮಾಡೋದು?

ಪ್ರಶ್ನೆ: ನಮಸ್ಕಾರ ಅಕ್ಕಾ. ಥಾಣೆ ಘೋಡ್‌ಬಂದರ್ ರೋಡ್ ಮೇಲೆ ನಮ್ದೊಂದು ಪಾಲಿಕ್ಲಿನಿಕ್ ಇದೆ. ಬೆಡ್ ಇಲ್ಲ, ಬರೀ ಓಪಿಡಿ, ಅಂದ್ರೆ ತೋರಿಸ್ಕೊಂಡು ಮನೆಗೆ ಹೋಗೋ ಪೇಷಂಟ್‌ಗಳು ಮಾತ್ರ. ನಮ್ಮ ಯಜಮಾನ್ರು ಫಿಸಿಶಿಯನ್, ಉಳಿದ ಕನ್ಸಲ್ಟೆಂಟ್‌ಗಳು ಹೊರಗಿಂದ ಬರ್ತಾರೆ, ಆಡಳಿತ ಎಲ್ಲ ನಾನು ನೋಡ್ಕೊಳ್ತೀನಿ. ಬೆಳಿಗ್ಗೆ 9ರಿಂದ 1, ಸಂಜೆ 5ರಿಂದ 9. ದಿನಕ್ಕೆ 110-120 ಪೇಷಂಟ್, ಅದ್ರಲ್ಲಿ ಜಾಸ್ತಿ ಸಂಜೇನೇ. ನಾಲ್ಕು ಜನ ಸಿಸ್ಟರ್ ಇದ್ರು, ಆಗ್ಲೂ ಸಾಲ್ತಿರ್ಲಿಲ್ಲ. ಈಗ ಒಬ್ರು ಕುವೈತ್‌ಗೆ ಹೋದ್ರು, ಒಬ್ರು ದೊಡ್ಡ ಆಸ್ಪತ್ರೆ ಸೇರಿದ್ರು. ಉಳಿದೋರಲ್ಲಿ ಒಬ್ರು ಬದ್ಲಾಪುರದಿಂದ ಬರ್ತಾರೆ, ಇನ್ನೊಬ್ರು ಹತ್ರದ ಕಳವಾ ಊರಿನವರು. ಜಾಹೀರಾತು ಹಾಕಿದ್ರೆ ಜನ ಬರ್ತಾರೆ, ಟೈಮಿಂಗ್ ಕೇಳಿ ಹೋಗ್ತಾರೆ. ಎಷ್ಟು ಸಿಸ್ಟರ್ ಬೇಕು ಅಂತ ಏನಾದ್ರೂ ಲೆಕ್ಕ ಇದ್ಯಾ? ಎರಡು ವರ್ಷದ ಬಾಂಡ್ ಬರೆಸ್ಕೊಳ್ಳೋಣ ಅಂತಾರೆ ಯಜಮಾನ್ರು, ಸರೀನಾ? ರಿಸೆಪ್ಶನ್ ಹುಡುಗಿ ಚುರುಕಿದಾಳೆ, ಅವಳಿಗೇ ಇಂಜೆಕ್ಷನ್ ಕಲಿಸಿದ್ರೆ ಆಗುತ್ತಾ?

ಉತ್ತರ: ನೀವು "ಟೈಮಿಂಗ್ ಕೇಳಿ ಹೋಗ್ತಾರೆ" ಅಂತ ಬರೆದಿದೀರಿ, ಪಗಾರ ಕೇಳಿ ಹೋಗ್ತಾರೆ ಅಂತ ಬರೆದಿಲ್ಲ. ನನಗಂತೂ ನಿಮ್ಮ ಪ್ರಶ್ನೇಲಿ ಎಲ್ಲಕ್ಕಿಂತ ಮುಖ್ಯ ಕಂಡಿದ್ದು ಆ ಒಂದು ಮಾತೇ. ಮುಂಬೈ ಕಡೆ ಸಣ್ಣ ಕ್ಲಿನಿಕ್ಕುಗಳ ಡ್ಯೂಟಿ ಚಾರ್ಟ್ ನೋಡೋದೇ ಈಗ ನನ್ನ ಕೆಲಸ, ಅದಕ್ಕೂ ಮುಂಚೆ ವಾರ್ಡು, ಓಪಿಡಿ ಎರಡೂ ಕಡೆ ದುಡಿದೋಳು, ಹಾಗಾಗಿ ನೇರವಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಬದ್ಲಾಪುರದ ಸಿಸ್ಟರ್ ದಿನಾನ ಒಂದ್ಸಲ ಕಾಗದದ ಮೇಲೆ ಬರೆದು ನೋಡಿ. ಬೆಳಿಗ್ಗೆ ಏಳು ಕಾಲಿಗೆ ಮನೆ ಬಿಡ್ಬೇಕು, ಲೋಕಲ್‌ನಲ್ಲಿ ನಿಂತ್ಕೊಂಡೇ ಥಾಣೆ, ಅಲ್ಲಿಂದ ಬಸ್ಸೋ ಶೇರ್ ರಿಕ್ಷಾನೋ ಹಿಡಿದು ನಿಮ್ಮಲ್ಲಿಗೆ. ಒಂದು ಗಂಟೆಗೆ ಬೆಳಗಿನ ಓಪಿಡಿ ಮುಗೀತು. ಮತ್ತೆ ಶುರುವಾಗೋದು ಐದಕ್ಕೆ. ಮಧ್ಯ ನಾಲ್ಕು ಗಂಟೆ ಇದೆ, ಆದ್ರೆ ಮನೆಗೆ ಹೋಗಿ ಬರೋದಕ್ಕೇ ಅಷ್ಟು ಹೊತ್ತು ಬೇಕು, ಅದಕ್ಕೆ ಡಬ್ಬಿ ತಿಂದು ಡ್ರೆಸ್ಸಿಂಗ್ ರೂಮಿನ ಪೇಷಂಟ್ ಕೌಚ್ ಮೇಲೇ ಒಂದು ಗಳಿಗೆ ಕಣ್ಮುಚ್ತಾರೆ, ಅಷ್ಟರಲ್ಲಿ ಮಾವಶಿ ನೆಲ ಒರೆಸೋಕೆ ಬಂದು ಎಬ್ಬಿಸ್ತಾಳೆ. ರಾತ್ರಿ ಒಂಬತ್ತಕ್ಕೆ ಮುಗೀಬೇಕು, ಕನ್ಸಲ್ಟೆಂಟ್ ಲೇಟಾಗಿ ಬಂದಿದ್ದಕ್ಕೆ ಒಂಬತ್ತೂ ಮುಕ್ಕಾಲು ಆಗುತ್ತೆ, ಮನೆ ಸೇರೋವಾಗ ಹನ್ನೊಂದೂ ಕಾಲು. ನಿಮ್ಮ ರಿಜಿಸ್ಟರ್‌ನಲ್ಲಿ ಎಂಟು ಗಂಟೆ ಡ್ಯೂಟಿ, ಅವರ ಲೆಕ್ಕದಲ್ಲಿ ಮನೆ ಬಿಟ್ಟು ಹದಿನಾರು ಗಂಟೆ. ಇದಕ್ಕಿಂತ ಆಸ್ಪತ್ರೆ ನೈಟ್ ಡ್ಯೂಟೀನೇ ವಾಸಿ, ಬೆಳಿಗ್ಗೆ ಬಂದು ಮಲಗಾದ್ರೂ ಮಲಗ್ಬಹುದು.

ಸಣ್ಣ ಕ್ಲಿನಿಕ್ ಹತ್ರ ದೊಡ್ಡ ಆಸ್ಪತ್ರೆಯಷ್ಟು ಪಗಾರ ಇರಲ್ಲ, ಪ್ರಮೋಶನ್ ಇಲ್ಲ, ಕ್ಯಾಂಟೀನ್ ಇಲ್ಲ, ಹಾಸ್ಟೆಲ್ ಇಲ್ಲ. ಇರೋದು ಒಂದೇ ಒಂದು. ನೈಟ್ ಇಲ್ಲ, ಭಾನುವಾರ ರಜೆ, ಟೈಮ್ ಗ್ಯಾರಂಟಿ. ಇಪ್ಪತ್ತು ವರ್ಷ ವಾರ್ಡಿನಲ್ಲಿ ಓಡಾಡಿ ಮೊಣಕಾಲು ಸವೆಸಿಕೊಂಡ ಸಿಸ್ಟರ್‌ಗೆ ಇದಕ್ಕಿಂತ ದೊಡ್ಡ ಆಸೆ ಬೇರೆ ಇಲ್ಲ. ಆ ಒಂದು ಬಂಡವಾಳಾನೂ ನೀವು ಸ್ಪ್ಲಿಟ್ ಡ್ಯೂಟಿ, ಅಂದ್ರೆ ಬೆಳಿಗ್ಗೆ ಒಂದು ತುಂಡು ಸಂಜೆ ಒಂದು ತುಂಡು, ಇಟ್ಟು ಕಳ್ಕೊಂಡಿದೀರಿ. ಆಮೇಲೆ ಜನ ಸಿಗಲ್ಲ ಅಂದ್ರೆ ಹೇಗೆ?

ಹೌದು, ದೇಶದಲ್ಲೇ ಏನು, ಜಗತ್ತಲ್ಲೇ ನರ್ಸ್‌ಗಳ ಕೊರತೆ ಇದೆ, ನಾನು ಇಲ್ಲ ಅನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ವರದಿ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 58 ಲಕ್ಷ ನರ್ಸ್‌ಗಳು ಕಮ್ಮಿ ಇದ್ರು. ಆ ಕೊರತೆ ತುಂಬಿಸ್ಕೊಳ್ಳೋಕೆ ಬೇರೆ ದೇಶದವ್ರು ಬರೋದು ನಮ್ಮಲ್ಲಿಗೇ ತಾನೆ. ಗಲ್ಫ್‌ಗೆ ಪ್ರೊಮೆಟ್ರಿಕ್ ಅನ್ನೋ ಲೈಸೆನ್ಸ್ ಪರೀಕ್ಷೆ, ಇಂಗ್ಲೆಂಡ್, ಐರ್ಲೆಂಡ್‌ಗೆ ಇಂಗ್ಲಿಷ್ ಪರೀಕ್ಷೆ, ಜರ್ಮನಿಗೆ ಕೇರಳ ಸರ್ಕಾರದ ಅನಿವಾಸಿಗಳ ಸಂಸ್ಥೆ ನೋರ್ಕಾ ರೂಟ್ಸ್‌ನವರ ಟ್ರಿಪಲ್ ವಿನ್ ಅಂತ ಸರ್ಕಾರಿ ಮಟ್ಟದ ಯೋಜನೆನೇ ಇದೆ. ಜಿಎನ್‌ಎಂ, ಅಂದ್ರೆ ನರ್ಸಿಂಗ್ ಡಿಪ್ಲೊಮಾ, ಮುಗಿಸಿದ 23-24 ವರ್ಷದ ಹುಡುಗಿ ನಿಮ್ಮಲ್ಲಿಗೆ ಬಂದ್ರೂ ಅವಳ ಮನಸ್ಸೆಲ್ಲ ಅಲ್ಲೇ ಇರುತ್ತೆ, ಅದಕ್ಕೆ ಬೇಕಾಗೋ ವಾರ್ಡು, ಐಸಿಯು ಅನುಭವ ಓಪಿಡಿ ಕ್ಲಿನಿಕ್‌ನಲ್ಲಿ ಸಿಗಲ್ಲ, ಹೋಗೇ ಹೋಗ್ತಾಳೆ, ಹೋಗ್ಲಿ ಬಿಡಿ, ಅವಳ ಜೀವನ ಅವಳದು. ನೀವು ಅವಳ ಹಿಂದೆ ಬಿದ್ದಿರೋದೇ ತಪ್ಪು. ನಿಮಗೆ ಬೇಕಾಗಿರೋರು ಬೇರೆಯವ್ರು, ಅವ್ರು ನಿಮ್ಮ ಕ್ಲಿನಿಕ್‌ನಿಂದ ಒಂದು ಕಿಲೋಮೀಟರ್ ಒಳಗೇ ಇದಾರೆ, ಜಾಹೀರಾತು ನೋಡಲ್ಲ ಅಷ್ಟೇ.

ಕಾಸಾರವಡವಲಿ, ವಾಘ್‌ಬಿಲ್, ಮಾನ್ಪಾಡಾ ಕಡೆ ಸೊಸೈಟಿಗಳಲ್ಲಿ ಉಡುಪಿ, ಮಂಗಳೂರು, ಹುಬ್ಬಳ್ಳಿ ಕಡೆಯಿಂದ ಮದುವೆಯಾಗಿ ಬಂದ ಎಷ್ಟೋ ಹೆಣ್ಮಕ್ಕಳು ಇದಾರೆ, ನರ್ಸಿಂಗ್ ಓದಿ ಮೂರ್ನಾಲ್ಕು ವರ್ಷ ಕೆಲ್ಸ ಮಾಡಿ ಮಗು ಆದ್ಮೇಲೆ ಬಿಟ್ಟೋರು. ಎಂಟು ಗಂಟೆ ಆಗಲ್ಲ, ಐದು ಗಂಟೆ ಆದ್ರೆ ಬರ್ತೀನಿ ಅನ್ನೋರು. ಕನ್ನಡ ಸಂಘದ ಹಳದಿ ಕುಂಕುಮ, ಮಲಯಾಳಿ ಸಮಾಜಂ, ಭಾನುವಾರದ ಚರ್ಚು, ಸೊಸೈಟಿ ಲೇಡೀಸ್ ಗ್ರೂಪು, ಇಲ್ಲಿ ಬಾಯಿ ಮಾತಲ್ಲಿ ಹೇಳಿ ನೋಡಿ. ಆದ್ರೆ ಹೇಳೋವಾಗ "ನರ್ಸ್ ಬೇಕು" ಅಂತ ಹೇಳ್ಬೇಡಿ, "ಸಂಜೆ ನಾಲ್ಕೂವರೆಯಿಂದ ಒಂಬತ್ತೂವರೆ, ಭಾನುವಾರ ಇಲ್ಲ" ಅಂತ ಹೇಳಿ.

ಕರ್ನಾಟಕದ ರಿಜಿಸ್ಟ್ರೇಶನ್ ಇರೋರಾದ್ರೆ ಒಂದು ಮಾತು. ಮಹಾರಾಷ್ಟ್ರದಲ್ಲಿ ಕೆಲ್ಸ ಮಾಡೋಕೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರಿರ್ಬೇಕು, ಕರ್ನಾಟಕ ಕೌನ್ಸಿಲ್‌ನಿಂದ ಎನ್‌ಒಸಿ ತರಿಸಿ ಇಲ್ಲಿ ನೋಂದಾಯಿಸ್ಕೋಬೇಕು. ಮದುವೆಯಾದ್ಮೇಲೆ ಹೆಸರು ಬದಲಾಗಿದ್ರೆ ಕಾಗದ ಪತ್ರ ಇನ್ನಷ್ಟು ಓಡಾಡ್ಸುತ್ತೆ. ಅರ್ಧ ಜನ ಈ ತಲೆನೋವಿಗೇ ಮನೇಲಿ ಕೂತಿರ್ತಾರೆ. ಫೀಸ್ ನೀವು ಕಟ್ಟಿ, ಫಾರ್ಮ್ ತುಂಬೋಕೆ ಕೂತ್ಕೊಂಡು ಸಹಾಯ ಮಾಡಿ, ಆ ಉಪಕಾರಕ್ಕೆ ಅವ್ರು ಬಾಂಡ್ ಇಲ್ದೇನೇ ಉಳೀತಾರೆ. ನಂಬರ್ ಕೈಗೆ ಬರೋ ತನಕ ಸೂಜಿ ಮುಟ್ಟೋ ಕೆಲ್ಸ ಮಾತ್ರ ಕೊಡ್ಬೇಡಿ.

ಈಗ ಎಷ್ಟು ಜನ ಬೇಕು ಅನ್ನೋ ಲೆಕ್ಕ. ವಾರ್ಡಿಗಾದ್ರೆ ಇಷ್ಟು ಬೆಡ್ಡಿಗೆ ಇಷ್ಟು ನರ್ಸ್ ಅಂತ ರೇಶಿಯೊ ಇದೆ, ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಕಾನೂನೇ ಇದೆ, ಅದೂ ಆಸ್ಪತ್ರೆ ಯೂನಿಟ್ಟುಗಳಿಗೆ. ನಿಮ್ಮಂಥ ಬೆಡ್ ಇಲ್ಲದ ಕ್ಲಿನಿಕ್‌ಗೆ ತಲೆ ಎಣಿಸಿ ಹೇಳೋಕಾಗಲ್ಲ, ನಿಮಿಷ ಎಣಿಸ್ಬೇಕು. ಒಂದು ಸಂಜೆಗೆ 70 ಪೇಷಂಟ್ ಅಂತ ಹಿಡೀರಿ. ಎಲ್ರಿಗೂ ತೂಕ, ಬಿಪಿ, ಜ್ವರ, ಸ್ಯಾಚುರೇಶನ್ (ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ) ನೋಡೋಕೆ ತಲಾ 3 ನಿಮಿಷ ಅಂದ್ರೆ 210 ನಿಮಿಷ. ಹನ್ನೆರಡು ಇಂಜೆಕ್ಷನ್ನು, ತಲಾ 6 ನಿಮಿಷ, 72. ಐದು ಡ್ರೆಸ್ಸಿಂಗ್, ತಲಾ ಕಾಲು ಗಂಟೆ, 75. ಇಸಿಜಿ, ನೆಬ್ಯುಲೈಸೇಶನ್ ಸೇರಿ ಆರು, ತಲಾ 10 ನಿಮಿಷ, 60. ಇನ್ಸುಲಿನ್ ಹೇಗೆ ತಗೊಳ್ಳೋದು ಅಂತ ಕೂರಿಸ್ಕೊಂಡು ಹೇಳ್ಕೊಡೋದು ನಾಲ್ಕು, 40. ಒಟ್ಟು 457 ನಿಮಿಷ. ಓಪಿಡಿ ಇರೋದು 240 ನಿಮಿಷ, ಅಲ್ಲಿಗೆ 1.9 ಸಿಸ್ಟರ್ ಆಯ್ತು. ಆದ್ರೆ ಮನುಷ್ಯರು ನೂರಕ್ಕೆ ನೂರು ನಿಮಿಷ ಓಡಲ್ಲ, ನೀರು ಕುಡೀಬೇಕು, ಕೈ ತೊಳೀಬೇಕು, ನೂರಕ್ಕೆ ಎಂಭತ್ತು ಅಂತ ಹಿಡಿದ್ರೆ 2.4.

ಈಗ ಆ 210 ನಿಮಿಷದ ತೂಕ, ಬಿಪಿ ಕೆಲಸಾನ ತರಬೇತಾದ ಅಸಿಸ್ಟೆಂಟ್‌ಗೆ ಕೊಡಿ. ಸಿಸ್ಟರ್‌ಗೆ ಉಳಿಯೋದು 247 ನಿಮಿಷ, ಅದೇ ಲೆಕ್ಕದಲ್ಲಿ 1.3. ಪೇಷಂಟ್ ಒಬ್ರೂ ಕಮ್ಮಿ ಆಗಿಲ್ಲ, ಆದ್ರೆ ಬೇಕಾದ ಸಿಸ್ಟರ್ ಹೆಚ್ಚುಕಮ್ಮಿ ಅರ್ಧಕ್ಕಿಳೀತು. ನನ್ನ ನಿಮಿಷಗಳನ್ನ ನಂಬ್ಬೇಡಿ, ನಿಮ್ಮವನ್ನ ನೀವೇ ಅಳೀರಿ. ಒಂದು ವಾರ ಒಬ್ಬೊಬ್ಬ ಸಿಸ್ಟರ್ ಜೇಬಲ್ಲಿ ಒಂದೊಂದು ಎ-ಫೋರ್ ಹಾಳೆ ಮಡಚಿಟ್ಟು, ಕಾಲು ಗಂಟೆಗೊಂದು ಗೆರೆ, ಆ ಹೊತ್ತಲ್ಲಿ ಏನು ಮಾಡ್ತಿದ್ರು ಅಂತ ಒಂದೇ ಅಕ್ಷರ, ಇಂ ಅಂದ್ರೆ ಇಂಜೆಕ್ಷನ್, ಡ್ರೆ ಅಂದ್ರೆ ಡ್ರೆಸ್ಸಿಂಗ್, ಫೈ ಅಂದ್ರೆ ಫೈಲ್ ಹುಡುಕೋದು, ಫೋ ಅಂದ್ರೆ ಫೋನ್. ಯಾರನ್ನೂ ಹಿಡಿಯೋಕಲ್ಲ ಇದು ಅಂತ ಮೊದಲೇ ಹೇಳ್ಬಿಡಿ, ಇಲ್ಲಾಂದ್ರೆ ಎಲ್ಲಾ ಗೆರೇಲೂ ಇಂ ಇಂ ಅಂತ ಬರ್ದಿರ್ತಾರೆ. ವಾರ ಆದ್ಮೇಲೆ ನೋಡಿ, ಫೈಲ್, ಫೋನ್, ಮೆಡಿಕ್ಲೇಮ್ ಫಾರ್ಮ್, ಲ್ಯಾಬ್ ರಿಪೋರ್ಟ್ ಹುಡುಕಾಟ, ಡಾಕ್ಟರ್‌ಗೆ ಚಹಾ ಹೇಳಿದ್ದು, ಇವೆಷ್ಟು ಅಂತ. ನಾಲ್ಕು ಜನ ಇದ್ದಾಗ್ಲೂ ಸಾಲ್ತಿರ್ಲಿಲ್ಲ ಅಂದ್ರಲ್ಲ, ಆ ಸಮಯ ಎಲ್ಲಿ ಹೋಗ್ತಿತ್ತು ಅಂತ ಆ ಹಾಳೇಲೇ ಸಿಗುತ್ತೆ.

ಚಾರ್ಟ್ ಹೀಗ್ ಮಾಡಿ. ಬದ್ಲಾಪುರದ ಸಿಸ್ಟರ್ ಬೆಳಿಗ್ಗೆ ಎಂಟೂವರೆಯಿಂದ ನಾಲ್ಕೂವರೆ, ಒಂದೇ ಉಸಿರಿನ ಡ್ಯೂಟಿ. ಕಳವಾ ಊರಿನ ಸಿಸ್ಟರ್ ಮಧ್ಯಾಹ್ನ ಒಂದರಿಂದ ಒಂಬತ್ತು, ಅವ್ರು ಹತ್ರದವ್ರು ಅನ್ನೋ ಕಾರಣಕ್ಕೆ ಹೇಳ್ತಿದೀನಿ, ಆದ್ರೆ ಮನೆ ಪರಿಸ್ಥಿತಿ ಕೇಳದೇ ಚಾರ್ಟ್ ಗೋಡೆಗೆ ಅಂಟಿಸ್ಬೇಡಿ, ಇಬ್ರನ್ನೂ ಕೂರಿಸಿ ಅವ್ರೇ ಹಂಚ್ಕೊಳ್ಳೋಕೆ ಬಿಡಿ. ಇದರ ಜೊತೆ ಹತ್ತಿರದಲ್ಲೇ ಮನೆ ಇರೋ ಪಾರ್ಟ್‌ಟೈಮ್ ಸಿಸ್ಟರ್ ಇಬ್ರು, ಬೆಳಿಗ್ಗೆಗೆ ಒಬ್ರು, ಸಂಜೆಗೆ ಒಬ್ರು, ಐದೈದು ಗಂಟೆ. ಈಗ ಎರಡೂ ಓಪಿಡೀಲೂ ಇಬ್ಬಿಬ್ರು ಸಿಸ್ಟರ್ ಇದಾರೆ, ಯಾರಿಗೂ ದಿನ ಎರಡು ತುಂಡಾಗಿಲ್ಲ. ಒಂದು ಲೆಕ್ಕಕ್ಕೆ ಪೂರ್ತಿ ಡ್ಯೂಟಿ ಪಗಾರ 24,000 ಅಂತ ಹಿಡಿದ್ರೆ ಮುಂಚೆ ನಾಲ್ವರಿಗೆ 96,000 ಹೋಗ್ತಿತ್ತು. ಐದು ಗಂಟೆಗೆ ಗಂಟೆ ಲೆಕ್ಕ ಹಾಕಿದ್ರೆ 15,000 ಬರುತ್ತೆ, ಅಷ್ಟೇ ಕೊಡ್ಬೇಡಿ, 16,500 ಕೊಡಿ, ಅರ್ಧ ದಿನ ಬರೋರು ಕೆಲ್ಸ ಅರ್ಧ ಮಾಡಲ್ಲ, ನೂಕುನುಗ್ಗಲಿನ ಐದು ಗಂಟೇನೇ ಮಾಡ್ತಾರೆ. ಆಗ ಒಟ್ಟು 81,000. ಉಳಿದ 15,000 ಆ ತೂಕ ಬಿಪಿ ಅಸಿಸ್ಟೆಂಟ್‌ಗೆ.

ಪಗಾರದ ವಿಷಯಕ್ಕೆ ಬಂದಿದ್ದಕ್ಕೆ ಇದನ್ನೂ ಹೇಳ್ಬಿಡ್ತೀನಿ. ಸುಪ್ರೀಂ ಕೋರ್ಟ್ 2016ರ ಜನವರೀಲಿ ಖಾಸಗಿ ಆಸ್ಪತ್ರೆ ನರ್ಸ್‌ಗಳ ಪಗಾರದ ಬಗ್ಗೆ ಕಮಿಟಿ ಮಾಡಿ ಅಂತ ಹೇಳ್ತು, ಆ ಕಮಿಟಿ 50 ಬೆಡ್‌ಗಿಂತ ಕಮ್ಮಿ ಇರೋ ಆಸ್ಪತ್ರೆಯಾದ್ರೂ ತಿಂಗಳಿಗೆ 20,000ಕ್ಕಿಂತ ಕಮ್ಮಿ ಕೊಡಬಾರದು ಅಂತ ಶಿಫಾರಸು ಮಾಡ್ತು. ಬೆಡ್ ಇಲ್ಲದ ನಿಮಗೆ ಅದು ನೇರವಾಗಿ ಅನ್ವಯಿಸಲ್ಲ, ಆದ್ರೆ ಅದು ಹತ್ತು ವರ್ಷ ಹಳೇ ಅಂಕಿ ಅನ್ನೋದು ನೆನಪಿರ್ಲಿ. ಓಪಿಡಿ ಹಗುರ ಕೆಲ್ಸ, 14,000 ಸಾಕು ಅನ್ನೋ ಮಾಲೀಕರನ್ನ ನೋಡಿದೀನಿ, ಅವರ ಕ್ಲಿನಿಕ್ ಗೇಟಿಗೆ ವರ್ಷಪೂರ್ತಿ "ನರ್ಸ್ ಪಾಹಿಜೆ", ಅಂದ್ರೆ ನರ್ಸ್ ಬೇಕು, ಅನ್ನೋ ಬೋರ್ಡ್ ಇರುತ್ತೆ.

ಬದ್ಲಾಪುರದ ಸಿಸ್ಟರ್‌ಗೆ ಮಧ್ಯಾಹ್ನ ಒಂದರಿಂದ ನಾಲ್ಕೂವರೆ ಏನ್ ಕೆಲ್ಸ ಅಂತ ನಿಮ್ಮ ಯಜಮಾನ್ರು ಕೇಳೇ ಕೇಳ್ತಾರೆ. ಈ ಚಾರ್ಟಿನ ಗುಟ್ಟೇ ಅದು. ಡ್ರೆಸ್ಸಿಂಗ್, ಹೊಲಿಗೆ ಬಿಚ್ಚೋದು, ಇನ್ಸುಲಿನ್ ಪಾಠ, ಬಿಪಿ ಚೆಕಪ್‌ಗೆ ಮಾತ್ರ ಬರೋ ಅಜ್ಜಂದಿರು, ಇವ್ರಿಗೆಲ್ಲ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಅಪಾಯಿಂಟ್‌ಮೆಂಟ್ ಕೊಡಿ. ರಿಟೈರ್ಡ್ ಜನಕ್ಕೆ ಅದೇ ಅನುಕೂಲ, ಸಂಜೆ ಗದ್ದಲದಲ್ಲಿ ಕಾಯೋಕೆ ಅವ್ರಿಗೂ ಇಷ್ಟ ಇಲ್ಲ, ಎರಡೂ ಸಿಸ್ಟರ್ ಆ ಹೊತ್ತಿಗೆ ಇರ್ತಾರೆ, ಒಬ್ರು ಊಟ ಮಾಡ್ಬಹುದು. ಮೇಲಿನ ಲೆಕ್ಕದಲ್ಲಿ ಡ್ರೆಸ್ಸಿಂಗ್ 75, ಪಾಠ 40, ಎರಡೂ ಸೇರಿ 115 ನಿಮಿಷ ಸಂಜೆಯಿಂದ ಎದ್ದು ಹೋಯ್ತು ನೋಡಿ. ವ್ಯಾಕ್ಸಿನ್ ಮಾತ್ರ ಈ ಹೊತ್ತಿಗೆ ಇಡ್ಬೇಡಿ, ಡಾಕ್ಟರ್ ಒಳಗೇ ಇರೋ ಹೊತ್ತಲ್ಲಿ, ಬೆಳಗಿನ ಓಪಿಡಿ ಕೊನೇಲಿ ಹನ್ನೆರಡರಿಂದ ಒಂದರೊಳಗೆ ಇಡಿ.

ಇನ್ನು ಡಾಕ್ಟರ್‌ಗಳ ವಿಷಯ, ಇದನ್ನ ನಿಮ್ಮ ಯಜಮಾನ್ರಿಗೆ ಓದಿಸಿ. ಐದೂವರೆಗೆ ಬರಬೇಕಾದ ಕನ್ಸಲ್ಟೆಂಟ್ ಘೋಡ್‌ಬಂದರ್ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡು ಆರೂ ಕಾಲಿಗೆ ಬಂದ್ರೆ, ಅಷ್ಟೊತ್ತಿಗೆ ಹದಿನೈದು ಪೇಷಂಟ್ ಕೂತಿರ್ತಾರೆ, ಅವ್ರೆಲ್ಲರ ಇಂಜೆಕ್ಷನ್ನು, ಇಸಿಜಿ ಎಲ್ಲ ಒಟ್ಟಿಗೆ ಏಳು ಗಂಟೆಗೆ ಸಿಸ್ಟರ್ ತಲೆ ಮೇಲೆ ಬೀಳುತ್ತೆ. ಹೊರಗಿಂದ ನೋಡೋರಿಗೆ ಸಿಸ್ಟರ್ ಕಮ್ಮಿ ಇದಾರೆ ಅನ್ಸುತ್ತೆ. ಮುಕ್ಕಾಲು ಗಂಟೆ ಹಿಂದಷ್ಟೇ ಅದೇ ಸಿಸ್ಟರ್ ಸುಮ್ಮನೆ ಹತ್ತಿ ಉಂಡೆ ಮಾಡ್ತಾ ಕೂತಿದ್ರು. 1952ರಲ್ಲೇ ಇಂಗ್ಲೆಂಡಿನಲ್ಲಿ ವೆಲ್ಚ್ ಮತ್ತು ಬೇಲಿ ಅನ್ನೋರು ಆಸ್ಪತ್ರೆ ಓಪಿಡಿ ಕ್ಯೂ ಬಗ್ಗೆ ಲೆಕ್ಕ ಹಾಕಿ ಹೇಳಿದ್ರು, ಶುರುವಿಗೆ ಇಬ್ರನ್ನ ಕರೀರಿ, ಆಮೇಲೆ ಒಬ್ಬೊಬ್ರನ್ನ, ಒಂದು ಕನ್ಸಲ್ಟೇಶನ್‌ಗೆ ಸರಾಸರಿ ಎಷ್ಟು ಹೊತ್ತು ಬೇಕೋ ಅಷ್ಟು ಅಂತರದಲ್ಲಿ ಕರೀರಿ, ಮತ್ತೆ ಡಾಕ್ಟರ್ ಟೈಮಿಗೆ ಬನ್ನಿ ಅಂತ. ಎಪ್ಪತ್ತು ವರ್ಷ ದಾಟಿದ್ರೂ ನಾವು ಇನ್ನೂ ಎಲ್ರಿಗೂ "ಸಾಡೆಪಾಚ್‌ಲಾ ಯಾ", ಐದೂವರೆಗೆ ಬನ್ನಿ, ಅಂತ ಹೇಳಿ ಒಂದೇ ಬೆಂಚಲ್ಲಿ ಕೂರಿಸ್ತೀವಿ. ಹೊರಗಿನ ಕನ್ಸಲ್ಟೆಂಟ್‌ಗೆ ನೀವು ಹೇಳೋಕೆ ಮುಜುಗರ ಅನ್ನೋದು ಅರ್ಥ ಆಗುತ್ತೆ. ಹಾಗಾದ್ರೆ ಅವರ ಮೊದಲ ಪೇಷಂಟ್‌ಗೇ ಆರು ಗಂಟೆ ಅಂತ ಬರೀರಿ, ಸುಳ್ಳು ಟೈಮ್ ಬರಿಯೋದಕ್ಕಿಂತ ಅದು ಮೇಲು. ಒಂಬತ್ತರ ಮೇಲೆ ಸಿಸ್ಟರ್ ಉಳಿದ್ರೆ ಓವರ್‌ಟೈಮ್ ಡಬಲ್ ರೇಟ್‌ನಲ್ಲಿ ಕೊಡಿ, ಯಾವ ಡಾಕ್ಟರ್ ದಿನ ಅಂತ ಪಕ್ಕದಲ್ಲೇ ಹೆಸರು ಬರ್ದಿಡಿ. ತಿಂಗಳ ಕೊನೇಲಿ ಆ ಪಟ್ಟಿ ಯಜಮಾನ್ರ ಮುಂದೆ ಇಟ್ರೆ ಸಾಕು, ಬೇರೆ ಮಾತು ಬೇಡ.

ರಿಸೆಪ್ಶನ್ ಹುಡುಗಿಗೆ ಇಂಜೆಕ್ಷನ್ ಕಲಿಸೋದು ಬೇಡವೇ ಬೇಡ. ಚುಚ್ಚೋದು ಏನು, ಎರಡು ದಿನದಲ್ಲಿ ಯಾರು ಬೇಕಾದ್ರೂ ಕಲೀತಾರೆ. ಚುಚ್ಚಿದ ಐದು ನಿಮಿಷಕ್ಕೆ ಪೇಷಂಟ್ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ದನಿ ಕಟ್ಟಿ, ಬಿಪಿ ಕುಸಿದಾಗ ಏನು ಮಾಡ್ಬೇಕು ಅನ್ನೋದಕ್ಕೇ ಮೂರು ವರ್ಷ ಜಿಎನ್‌ಎಂ ಓದೋದು. ದೊಡ್ಡವರಿಗೆ ಅಡ್ರಿನಲಿನ್ ಅರ್ಧ ಮಿಲಿ, ತೊಡೆಯ ಹೊರಭಾಗದ ಮಾಂಸಖಂಡಕ್ಕೆ, ಮಲಗಿಸಿ ಕಾಲೆತ್ತಿ, ಡಾಕ್ಟರನ್ನ ಕೂಗಿ, ಇದೆಲ್ಲ ಅನುಭವ ಇರೋ ಸಿಸ್ಟರ್ ಕೈ ತಾನಾಗೇ ಮಾಡುತ್ತೆ, ಆ ಹುಡುಗಿ ಗಾಬರಿಯಾಗಿ ರಿಸೆಪ್ಶನ್‌ಗೇ ಓಡ್ತಾಳೆ, ಅವಳ ತಪ್ಪೂ ಅಲ್ಲ ಅದು. ಸೂಜಿ ತನಗೇ ಚುಚ್ಕೊಂಡ್ರೆ ಅವಳ ಗತಿ ಏನು ಅನ್ನೋದು ಬೇರೆ. ಕಾನೂನಿನ ಮಾತು ಬೇಕಾದ್ರೆ, 1995ರಲ್ಲಿ ಶಾಂತಾ ಕೇಸಲ್ಲಿ ಸುಪ್ರೀಂ ಕೋರ್ಟ್ ದುಡ್ಡು ತಗೊಂಡು ಕೊಡೋ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ಕೆಳಗೆ ಬರುತ್ತೆ ಅಂತ ಹೇಳಿಯಾಗಿದೆ. ಇಂಜೆಕ್ಷನ್ ಕೊಟ್ಟೋರ ರಿಜಿಸ್ಟ್ರೇಶನ್ ನಂಬರ್ ಏನು ಅಂತ ಕೇಳಿದ ದಿನ ನಿಮ್ಮ ಯಜಮಾನ್ರ ಹತ್ರ ಉತ್ತರ ಇರಲ್ಲ.

ಆದ್ರೆ ಆ ಹುಡುಗಿ ಚುರುಕಿದಾಳೆ ಅಂದ್ರಲ್ಲ, ಅವಳನ್ನೇ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್‌ಗೆ ಕಳ್ಸಿ, ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಕೋರ್ಸ್ ಅದು. ತೂಕ, ಎತ್ತರ, ಬಿಪಿ, ಟೆಂಪರೇಚರ್, ಪೇಷಂಟ್‌ನ ಕೌಚ್ ಮೇಲೆ ಮಲಗಿಸೋದು, ಇಸಿಜಿಗೆ ರೆಡಿ ಮಾಡೋದು, ಬಯೋಮೆಡಿಕಲ್ ಕಸ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಕ್ಕೆ ಸರಿಯಾಗಿ ಬೀಳ್ತಿದ್ಯಾ ನೋಡೋದು. ಮೇಲೆ ಲೆಕ್ಕ ಹಾಕಿದ 210 ನಿಮಿಷ ಇವಳದ್ದೇ. ಬಿಪಿ 180 ದಾಟಿದ್ರೆ, ಸ್ಯಾಚುರೇಶನ್ 94ಕ್ಕಿಂತ ಕೆಳಗಿದ್ರೆ, ಮಗು ಮಂಕಾಗಿ ತೂಕಡಿಸ್ತಿದ್ರೆ, ಎದೆನೋವು ಅಂದ್ರೆ, ಲೈನ್ ಬಿಟ್ಟು ನೇರ ಸಿಸ್ಟರ್ ಹತ್ರ ಕರ್ಕೊಂಡು ಹೋಗ್ಬೇಕು ಅಂತ ನಿಮ್ಮ ಡಾಕ್ಟರ್ ಸಹಿ ಮಾಡಿದ ಒಂದು ಹಾಳೆ ಅವಳ ಟೇಬಲ್ ಎದುರು ಅಂಟಿಸಿ. ಹೆಪಟೈಟಿಸ್ ಬಿ ಮೂರು ಡೋಸ್ ಅವಳಿಗೂ ಹಾಕ್ಸಿ, ಮಾವಶಿಗೂ ಹಾಕ್ಸಿ, ಅವಳನ್ನ ಎಲ್ರೂ ಮರೀತಾರೆ.

ಇಷ್ಟೆಲ್ಲ ಮಾಡಿದ್ರೂ ಒಬ್ಬರೇ ಸಿಸ್ಟರ್ ಇರೋ ದಿನ ಬರುತ್ತೆ. ನಿಮ್ಮಲ್ಲಿ ಭಾನುವಾರ ಬಿಟ್ಟು 313 ದಿನ ಕೆಲ್ಸ, ಒಬ್ಬೊಬ್ರಿಗೂ ಹಬ್ಬ, ಕಾಯಿಲೆ, ಸುಟ್ಟಿ ಎಲ್ಲ ಸೇರಿ 30 ದಿನ ಹಿಡಿದ್ರೆ ಬರೋದು 283 ದಿನ, ಅಂದ್ರೆ ನಾಲ್ಕು ಜನ ನಿಲ್ಲೋ ಜಾಗಕ್ಕೆ ನಿಮಗೆ ಬೇಕಾಗೋದು 4.4 ಜನ. ಆ 0.4ನ್ನ ಯಾರೂ ಲೆಕ್ಕಕ್ಕೆ ಇಟ್ಕೊಳ್ಳಲ್ಲ. ಕರೆದಾಗ ಬರೋ ಐದನೇ ಸಿಸ್ಟರ್ ಒಬ್ರನ್ನ, ದಿನದ ಲೆಕ್ಕಕ್ಕೆ, ಈಗ್ಲೇ ನೋಡಿಟ್ಕೊಳ್ಳಿ, ತಿಂಗಳಿಗೆ ಒಂದೆರಡು ದಿನ ಆದ್ರೂ ಕರೀರಿ, ಇಲ್ಲಾಂದ್ರೆ ಬೇಕಾದ ದಿನ ಅವ್ರಿಗೆ ಅಡ್ರಿನಲಿನ್ ಯಾವ ಡ್ರಾಯರ್‌ನಲ್ಲಿದೆ ಅಂತಾನೂ ಗೊತ್ತಿರಲ್ಲ. ಏಜೆನ್ಸಿ ಬಗ್ಗೆ ನನ್ನ ಆಕ್ಷೇಪಾನೂ ಅದೇ, ದಿನಾ ಹೊಸ ಮುಖ ಕಳಿಸ್ತಾರೆ, ಹೇಳ್ಕೊಡೋ ಹೊತ್ತಿಗೆ ಓಪಿಡಿ ಮುಗಿದಿರುತ್ತೆ.

ಒಬ್ಬರೇ ಇದ್ದ ದಿನ ಏನು ನಿಲ್ಲಿಸ್ಬೇಕು ಅನ್ನೋದನ್ನ ಆವತ್ತು ಗದ್ದಲದಲ್ಲಿ ಯೋಚಿಸೋದಲ್ಲ, ಇವತ್ತೇ ಬರೆದಿಡಿ. ನಾನಾದ್ರೆ ಮೊದಲು ಐರನ್ ಡ್ರಿಪ್ಪು, ಮೊದಲ ಡೋಸ್ ಆಂಟಿಬಯೋಟಿಕ್ ಇಂಜೆಕ್ಷನ್ನು, ವ್ಯಾಕ್ಸಿನ್, ಈ ಮೂರನ್ನ ಮುಂದೂಡ್ತೀನಿ ಅಥವಾ ಬೇರೆ ಕಡೆ ಕಳಿಸ್ತೀನಿ. ವ್ಯಾಕ್ಸಿನ್ ಹಾಕಿದ್ಮೇಲೆ ಅರ್ಧ ಗಂಟೆ ಕೂರಿಸಿ ನೋಡ್ಬೇಕು, ನೋಡೋಕೆ ಕಣ್ಣಿಲ್ದಿದ್ರೆ ಹಾಕ್ಬಾರ್ದು. ಫ್ರಿಡ್ಜ್ ಟೆಂಪರೇಚರ್ 2ರಿಂದ 8 ಡಿಗ್ರಿ ಒಳಗಿದ್ಯಾ ಅಂತ ದಿನಕ್ಕೆರಡು ಸಲ ಬರಿಯೋದು, ಇನ್ಸುಲಿನ್ ಮತ್ತು ಮಕ್ಕಳ ಡೋಸ್‌ನ ಇನ್ನೊಬ್ರ ಹತ್ರ ಓದಿಸಿ ಖಾತ್ರಿ ಮಾಡ್ಕೊಳ್ಳೋದು, ಇವೆರಡು ಎಂಥಾ ಗದ್ದಲದಲ್ಲೂ ಬಿಡಬಾರ್ದು, ಎರಡನೇ ಸಿಸ್ಟರ್ ಇಲ್ದಿದ್ರೆ ಡಾಕ್ಟರೇ ಓದ್ಲಿ.

ಅದೂ ಅಲ್ದೆ ನಮ್ಮ ಮುಂಬೈಗೆ ಒಂದು ವಿಶೇಷ ಸಂಕಟ ಇದೆ. ಮಳೆಗಾಲದ ಕೊನೇಲಿ, ಆಗಸ್ಟ್-ಸೆಪ್ಟೆಂಬರ್, ಡೆಂಗಿ ಮಲೇರಿಯಾ ಜ್ವರದ ಪೇಷಂಟ್ ಬೆಂಚ್ ಸಾಲದಷ್ಟು ಬರ್ತಾರೆ. ಅದೇ ಹೊತ್ತಿಗೆ ಓಣಂ, ಅದೇ ಹೊತ್ತಿಗೆ ಗಣಪತಿ. ಕೇರಳದ ಸಿಸ್ಟರ್‌ಗೆ ಊರು, ಕೊಂಕಣದ ಸಿಸ್ಟರ್‌ಗೆ ಊರು, ನಮ್ಮ ಕಡೆಯವ್ರಿಗೆ ಚೌತಿಗೆ ಊರು. ಗಣಪತಿಗೆ ರಜೆ ಇಲ್ಲ ಅಂದ ಮಾಲೀಕನಿಗೆ ಗಣಪತಿ ಆದ್ಮೇಲೆ ಸಿಸ್ಟರೇ ಇರಲ್ಲ, ಇದು ನಾನು ನೋಡಿ ನೋಡಿ ಬರೀತಿರೋ ಮಾತು. ಕ್ಯಾಲೆಂಡರ್ ಬಂದ ತಕ್ಷಣ, ಜನವರೀಲೇ, ಯಾರ್ಯಾರಿಗೆ ಯಾವ ಹಬ್ಬ ಅಂತ ಬರೆದು ಹಂಚಿ, ಈ ವರ್ಷ ಒಬ್ರು ಬಿಟ್ಟುಕೊಟ್ರೆ ಮುಂದಿನ ವರ್ಷ ಅವ್ರಿಗೇ ಮೊದಲ ಆಯ್ಕೆ. ಮಿಶ್ರ ಊರಿನ ಸ್ಟಾಫ್ ಇದ್ರೆ ಇದರಿಂದ ಲಾಭನೂ ಇದೆ, ಓಣಂಗೆ ರತ್ನಾಗಿರಿಯವರು ನಿಲ್ತಾರೆ, ಗಣಪತಿಗೆ ಕೊಟ್ಟಾಯಂನವರು ನಿಲ್ತಾರೆ. ರೈಲು ನಿಂತ ಮಳೆ ದಿನಕ್ಕೂ ಹತ್ತಿರದ ಪಾರ್ಟ್‌ಟೈಮ್ ಸಿಸ್ಟರ್‌ಗಳೇ ಗತಿ, ನೀರು ಮೊಣಕಾಲುದ್ದ ಇದ್ರೂ ನಡ್ಕೊಂಡು ಬರೋರು ಅವ್ರೇ.

ಬಾಂಡ್ ಬೇಡ. ಒರಿಜಿನಲ್ ಸರ್ಟಿಫಿಕೇಟ್ ಇಟ್ಕೊಳ್ಳೋದಂತೂ ಮಾಡ್ಲೇಬೇಡಿ, ಅದು ಮಾಡಿದ ಕ್ಲಿನಿಕ್ ಹೆಸರು ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಕಲ್ಯಾಣ್ ದಾಟೋಕೆ ಮುಂಚೆ ಹಾಳಾಗಿರುತ್ತೆ. ಬಾಂಡ್‌ಗೆ ಹೆದರಿ ಉಳಿದ ಸಿಸ್ಟರ್ ಮೈಯಷ್ಟೇ ಉಳಿಯುತ್ತೆ, ಮನಸ್ಸು ಉಳಿಯಲ್ಲ, ಅಂಥೋರ ಕೈಲಿ ಸಿರಿಂಜ್ ಕೊಡೋಕೆ ನನಗೇ ಧೈರ್ಯ ಇಲ್ಲ. ಅಮೆರಿಕದಲ್ಲಿ ಎಂಭತ್ತರ ದಶಕದ ಶುರುವಿಗೆ ಇದೇ ಥರ ಕೊರತೆ ಬಂದಾಗ ಅವ್ರು ನರ್ಸ್‌ಗಳು ಯಾಕೆ ಬಿಡ್ತಾರೆ ಅಂತ ಕೇಳೋದು ಬಿಟ್ಟು, ಬಿಡದೇ ಉಳಿದಿರೋ ಕಡೆ ಏನಿದೆ ಅಂತ 41 ಆಸ್ಪತ್ರೆ ನೋಡಿ 1983ರಲ್ಲಿ ವರದಿ ಬರೆದ್ರು, ಮ್ಯಾಗ್ನೆಟ್ ಹಾಸ್ಪಿಟಲ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ಅಲ್ಲಿ ಕಂಡಿದ್ದು, ಡ್ಯೂಟಿ ಟೈಮ್‌ನಲ್ಲಿ ಹೊಂದಾಣಿಕೆ ಇತ್ತು, ನರ್ಸ್ ಮಾತಿಗೆ ಬೆಲೆ ಇತ್ತು, ಇಂಥವೇ. ನೀವು ಅಪಾಯಿಂಟ್‌ಮೆಂಟ್ ಲೆಟರ್ ಕೊಡಿ, ನೋಟಿಸ್ ಪೀರಿಯಡ್ ಒಂದು ತಿಂಗಳು ಬರೀರಿ, ಹೊರದೇಶದ ಪ್ಲಾನ್ ಇದ್ರೆ ಬಾಯ್ಬಿಟ್ಟು ಹೇಳು, ಎಕ್ಸ್‌ಪೀರಿಯನ್ಸ್ ಲೆಟರ್ ನಾನೇ ಕೊಡ್ತೀನಿ ಅಂತ ಮೊದಲ ದಿನವೇ ಹೇಳಿ. ಹೇಳಿ ಹೋಗೋರು ಮೂರು ತಿಂಗಳು ಮುಂಚೆ ಹೇಳ್ತಾರೆ, ಹೆದರಿ ಹೋಗೋರು ಪಗಾರ ಆದ ಮಾರನೇ ದಿನ ಫೋನ್ ಸ್ವಿಚ್ ಆಫ್ ಮಾಡ್ತಾರೆ.

ಕೊನೇದು ಒಂದು, ಹೊಸಬರನ್ನ ಕರೆಯೋಕೆ ಮುಂಚೇನೇ ಮಾಡ್ಬೇಕಾದ್ದು. ಉಳಿದಿರೋ ಇಬ್ರು ಸಿಸ್ಟರ್ ಪಗಾರ ಎಷ್ಟಿದೆ ನೋಡಿ. ಹಳಬರು ಏಳು ವರ್ಷದಿಂದ 19,000ದಲ್ಲೇ ಇದ್ದು, ಹೊಸಬರು 24,000ಕ್ಕೆ ಬಂದ್ರೆ, ಅದು ವಾರದೊಳಗೆ ಗೊತ್ತಾಗುತ್ತೆ, ಮುಚ್ಚಿಡೋಕಾಗಲ್ಲ. ಮೊದಲು ಅವರದ್ದು ಏರಿಸಿ, ಆಮೇಲೆ ಹೊಸ ಚಾರ್ಟ್ ತೋರ್ಸಿ, ಆಮೇಲೆ ಜಾಹೀರಾತು. ಎರಡು ತಿಂಗಳು ಬಿಟ್ಟು ಆ ಎ-ಫೋರ್ ಹಾಳೆ ಇನ್ನೊಂದು ವಾರ ತುಂಬಿಸಿ, ಎರಡೂ ಸೆಟ್ ಫೋಟೊ ತೆಗೆದು ಕಳ್ಸಿ, ನೋಡಿ ಹೇಳ್ತೀನಿ.